ಜಂಬಪ್ಪ ತರುವ ಸುದ್ದಿ

ಅದಿರಿನ ಕ್ಯಾಂಪು, ಸಂಡೂರು ಗುಡ್ಡ
ಭಾನುವಾರ, 7 ಜನವರಿ 1912

ಬುಕ್ಕಸಾಗರದ ತವರಿನಲ್ಲಿರುವ ನನ್ನ ಸುಂಕಮ್ಮಳಿಗೆ ಗವಿಸಿದ್ದಪ್ಪನ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನೆ, ನನ್ನ ಚಿಂತೆ ಬೇಡ. ಅತ್ತೆಗೂ, ಇದನ್ನು ನಿನಗೆ ಓದಿ ಹೇಳುತ್ತಿರುವ ಶಾಲೆಯ ಐಗಳಿಗೂ ನನ್ನ ಶರಣು.

ಕಾಗದ ಬರೆಯಲು ತಡವಾಯಿತು, ಸಿಟ್ಟಾಗಬೇಡ. ದಿನವಿಡೀ ಸುತ್ತಿಗೆ ಹಿಡಿದು ಅದಿರು ಒಡೆದ ಕೈ, ಸಂಜೆ ಲೇಖನಿಗೆ ಬಗ್ಗುವುದಿಲ್ಲ. ಬೆತ್ತ ಹಿಡಿದು ತಾವೇ ತಿದ್ದಿಸಿದ ಅಕ್ಷರ ಹೀಗೆ ಸೊಟ್ಟಗಾದದ್ದನ್ನು ಕಂಡು ಐಗಳು ಈಗ ಬೈಯುತ್ತಿರಬಹುದು. ಬೈದರೆ ನನ್ನ ಪರವಾಗಿ ನೀನೇ ಕೇಳಿಸಿಕೋ.

ನಿನ್ನಿಂದಲೂ ದೀಪಾವಳಿ ಆದಮೇಲೆ ಒಂದು ಕಾಗದವಿಲ್ಲ. ಪುಷ್ಯದಲ್ಲಿ ದಿನ ತುಂಬುತ್ತದೆ ಎಂದು ಬರೆಸಿದ್ದೆ. ಪುಷ್ಯ ಅರ್ಧ ಮುಗಿಯಿತು. ಹೆರಿಗೆ ಆಯಿತೋ ಇಲ್ಲವೋ, ಆದರೆ ಹೇಗಾಯಿತೋ, ಒಂದೂ ತಿಳಿಯದು. ಹೋದ ಸಲ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊಳೆದಂಡೆಗೆ ಒಯ್ದದ್ದು ನೆನಪಾದರೆ ಮುರಿದ ರೊಟ್ಟಿಯನ್ನು ಹಾಗೇ ಬಿಟ್ಟು ಏಳುತ್ತೇನೆ. ಇದನ್ನು ಬರೆಯಬಾರದಿತ್ತು. ಬರೆದುಬಿಟ್ಟೆ.

ಇಲ್ಲಿಯ ಕೆಲಸದ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ. ಮೇಸ್ತ್ರಿ ಕೆಲಸ ಬಿಡಿಸುವ ಹೊತ್ತಿಗೆ ಮೈಯೆಲ್ಲ ಕಪ್ಪು, ಉಗುಳಿದರೂ ಕಪ್ಪು. ಒಲೆ ಹಚ್ಚುವುದಕ್ಕೂ ಬೇಜಾರು. ಆದರೆ ಜಂಬಪ್ಪ ಇದ್ದಾನೆ. ಅವನ ವಿಷಯ ನಿನಗೆ ಬರೆದಿರಲಿಲ್ಲ. ವಡ್ಡು ಎಂಬ ಊರಿನವನು, ಅದಿರಿನ ಗಾಡಿ ಹೊಡೆಯುತ್ತಾನೆ. ಹೊಸಪೇಟೆ ಸ್ಟೇಷನ್ನಿನಲ್ಲಿ ಅದಿರು ಇಳಿಸಿ ಮಾರನೆಯ ಸಂಜೆ ಗುಡ್ಡಕ್ಕೆ ವಾಪಸು. ತಿರುವಿನಲ್ಲಿ ಅವನ ಎತ್ತಿನ ಗೆಜ್ಜೆ ಕೇಳಿದರೆ ಸಾಕು, ನನ್ನ ಬೆನ್ನುನೋವು ಅರ್ಧ ಇಳಿಯುತ್ತದೆ. ಎತ್ತು ಬಿಚ್ಚಿ, ಹೆಗಲ ವಸ್ತ್ರದ ಗಂಟಿನಿಂದ ಮಂಡಾಳು, ಬೆಲ್ಲ ತೆಗೆದು ನನ್ನ ಕೈಗೆ ಹಾಕಿ, ಆಮೇಲೆ ನಮ್ಮ ಮೇಸ್ತ್ರಿ ಹೊಟ್ಟೆ ಮುಂದೆ ಮಾಡಿಕೊಂಡು ಹೇಗೆ ನಡೆಯುತ್ತಾನೆಂದು ನಡೆದು ತೋರಿಸುತ್ತಾನೆ. ದಿನವೆಲ್ಲ ಮಾತಿಲ್ಲದೆ ಇದ್ದವನು ಆಗ ಬಿದ್ದು ಬಿದ್ದು ನಗುತ್ತೇನೆ. ಅವನು ಬರದ ಸಂಜೆ ಉಣ್ಣದೆ ಮಲಗಿದ್ದೂ ಉಂಟು.

ಎಲ್ಲಕ್ಕಿಂತ ಹೆಚ್ಚಾಗಿ ಅವನು ನಿನ್ನ ಸುದ್ದಿ ತರುತ್ತಾನೆ. ನಿಮ್ಮೂರಿನ ಬಾಳೆಗೊನೆಯ ಗಾಡಿಗಳು ಹೊಸಪೇಟೆಗೆ ಬರುತ್ತವಲ್ಲ, ಆ ಗಾಡಿಯವರನ್ನು ಕೇಳಿಕೊಂಡು ಬರುತ್ತಾನಂತೆ. ಒಂದು ಸಂಜೆ, "ಲೇ ಗವಿಸಿದ್ದ, ನಿನ್ ಹೇಣ್ತಿ ಭಾಳ ಆರಾಮದಾಳ. ಹುಣಸಿಕಾಯಿ ತಿನಬ್ಯಾಡ ಅಂತ ಅವ್ವ ಅಂದಿದ್ಕ ಮುನಿಸ್ಕೊಂಡು ಕುಂತಾಳಂತ" ಎಂದ. ನಿನ್ನ ಮುನಿಸು ನನಗೆ ಗೊತ್ತಿಲ್ಲವೇ, ಹೌದು ಎಂದುಕೊಂಡೆ. ಇನ್ನೊಂದು ಸಂಜೆ, "ನಿನ್ನ ಅತ್ತಿ ಮನ್ಯಾಗ ಎಮ್ಮಿ ಈದೈತಿ. ಗಿಣ್ಣ ಹೊಟ್ಟಿತುಂಬ ತಿಂದಾಳಂತ" ಎಂದ.

"ಆಕಿ ಗಿಣ್ಣ ಮುಟ್ಟಂಗಿಲ್ಲಲೇ" ಎಂದೆ ನಾನು.

ಅವನು ಅತ್ತ ತಿರುಗಿ ಎತ್ತಿಗೆ ಮೇವು ಹಾಕಿ, "ಬಸುರಿ ಬಾಯಿ, ಈಗ ತಿಂತಾಳ ಬಿಡು" ಎಂದ.

ನಿಜವಾಗಿ ತಿಂದೆಯಾ? ಐಗಳ ಕೈಯಲ್ಲಿ ಬರೆಸಿ ಕಳಿಸು. ಎಮ್ಮೆ ಈದದ್ದು ನಿಜವೋ ಅಲ್ಲವೋ ಅದನ್ನೂ ಬರೆಸು. ಎಷ್ಟು ಸಣ್ಣ ವಿಷಯವಾದರೂ ಸರಿ, ನಿನ್ನ ಬಾಯಿಂದಲೇ ಬಂದದ್ದು ಬೇಕು.

ಈ ಚಳಿಯಲ್ಲಿ ಹೊಲದ ಗಾಳಿಗೆ ಮೈ ಒಡ್ಡಬೇಡ, ಕಿವಿಗೆ ಬಟ್ಟೆ ಕಟ್ಟಿಕೋ. ಬಾಣಂತಿಯಾಗಿದ್ದರೆ ನೆಲಕ್ಕೆ ಕಾಲಿಡಬೇಡ. ಗಂಡಾಗಲಿ ಹೆಣ್ಣಾಗಲಿ, ನೀನು ಎದ್ದು ಕುಳಿತರೆ ನನಗೆ ಅಷ್ಟು ಸಾಕು. ಹಂಪಿಯ ವಿರೂಪಾಕ್ಷ ನಿಮ್ಮಿಬ್ಬರ ತಲೆ ಕಾಯಲಿ.

ನಿನ್ನ ಗಂಡ
ಗವಿಸಿದ್ದಪ್ಪ

ಮತ್ತೆ: ಐಗಳೇ, ಇಲ್ಲಿಂದ ಕೆಳಗಿನದನ್ನು ಆಕೆಗೆ ಓದಬೇಡಿ.

ಈ ವಾರ ಕಮಲಾಪುರದವನೊಬ್ಬ ಇಲ್ಲಿ ಕೆಲಸಕ್ಕೆ ಬಂದ. ಎಳ್ಳಮಾವಾಸ್ಯೆಗೆ ಮೊದಲೇ ಬುಕ್ಕಸಾಗರದಲ್ಲಿ ಇಲಿ ಬಿದ್ದು, ಪ್ಲೇಗು ಹತ್ತಿ, ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೋಗಿದೆ ಎಂದು ಹೇಳಿದ. ಅಂದಿನಿಂದ ನಿಮ್ಮೂರಿನ ಒಂದು ಗಾಡಿಯೂ ಹೊಸಪೇಟೆಗೆ ಬಂದಿಲ್ಲವಂತೆ. ಮಾರನೆಯ ದಿನವೇ ಗುಡ್ಡ ಇಳಿದು ಹೊರಟೆ. ನಿಮ್ಮೂರ ದಾರಿಯ ಪ್ಲೇಗು ಚೌಕಿಯಲ್ಲಿ ತಡೆದರು. ಕಾಲಿಗೆ ಬಿದ್ದೆ. "ಟಪಾಲಿಗೆ ತಡಿ ಇಲ್ಲಪ್ಪ, ಮನುಷ್ಯಾರಿಗೈತಿ. ಕಾಗದ ಬರಿ, ಹೋಗು" ಎಂದ ಅಲ್ಲಿದ್ದ ಜವಾನ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿಗೆ ಜಂಬಪ್ಪ ಇಷ್ಟು ದಿನ ತಂದ ಸುದ್ದಿಯೆಲ್ಲ ಅವನೇ ಕಟ್ಟಿದ್ದು. ಹೊಸಪೇಟೆಗೆ ಹೋಗಿ ಬರುವವನಿಗೆ ಪ್ಲೇಗಿನ ವಿಷಯ ತಿಳಿಯದೆ ಇರುವುದಿಲ್ಲ. ನಿನ್ನೆ ಅವನು ಬಂದಾಗ ಕುತ್ತಿಗೆ ಪಟ್ಟಿ ಹಿಡಿದು ಕೇಳಬೇಕೆಂದು ಕಾಯುತ್ತ ಕುಳಿತಿದ್ದೆ. ಅವನ ಮುಖ ಕಂಡಮೇಲೆ ಆಗಲಿಲ್ಲ. ಕೇಳಿದರೆ ಅವನು ನಿಜ ಹೇಳಬೇಕಾಗುತ್ತದೆ.

"ಏನಂತಲೇ ನಮ್ಮಾಕಿ?" ಎಂದೆ.

"ಆರಾಮದಾಳ. ನಿನ್ನ ನೆನಸ್ತಾಳಂತ" ಎಂದ. ಸುಳ್ಳೆಂದು ಗೊತ್ತಿದ್ದೂ ಜೀವಕ್ಕೆ ಹಿತವಾಯಿತು ಐಗಳೇ. ಎರಡು ರೊಟ್ಟಿ ತಿಂದೆ.

ಆಕೆ ಇದ್ದರೆ ಮೇಲಿನದಷ್ಟನ್ನು ಓದಿ ಹೇಳಿ, ನನಗೆ ಎರಡು ಸಾಲು ಬರೆಯಿರಿ. ಓದಿಸಿಕೊಳ್ಳಲು ಆಕೆ ಇಲ್ಲದಿದ್ದರೆ ನನಗೆ ಬರೆಯಬೇಡಿ. ಹೊಸಪೇಟೆ ಸ್ಟೇಷನ್ನು, ಅದಿರಿನ ಗಾಡಿಯ ಜಂಬಪ್ಪ, ಎಂದು ಮೇಲೆ ಹಾಕಿ ಅವನಿಗೆ ಬರೆಯಿರಿ. ಓದು ಬಾರದವನು, ಸ್ಟೇಷನ್ನಿನಲ್ಲಿ ಯಾರ ಕೈಯಲ್ಲಾದರೂ ಓದಿಸಿಕೊಳ್ಳುತ್ತಾನೆ. ಯಾವ ಸಂಜೆ ನನಗೆ ಹೇಳಬೇಕೆಂಬುದು ಅವನಿಗೆ ಬಿಟ್ಟದ್ದು.