ಹಿಟ್ಟಿಲ್ಲದ ರೊಟ್ಟಿಯ ಸದ್ದು

ಬೀದರ, ನವೆಂಬರ್ ೧೯೫೬

ತಮ್ಮ ಮಾಣಿಕನಿಗೆ ಅಕ್ಕನ ಆಶೀರ್ವಾದ.

ದೊಡ್ಡವ್ವನ ಮನೆಯಿಂದ ದಿನಾ ರೊಟ್ಟಿ ಬಡಿಯುವ ಸದ್ದು ಬರುತ್ತದೆ, ಗಟ್ಟಿಯಾಗಿದ್ದಾಳೆ ಎಂದು ನೆರೆಮನೆಯ ಖುರ್ಷಿದ ಬೇಗಂ ಹೇಳಿದ್ದನ್ನು ನಂಬಿದ್ದೆವು. ನಿನ್ನೆ ನಾನು ತಿಳಿಸದೆ ಬಂದೆ. ಒಲೆ ತಣ್ಣಗಿತ್ತು; ಬೇಗಂಗೆ ಸದ್ದು ಕೇಳಿಸಲೆಂದು ಹಿಟ್ಟಿಲ್ಲದ ಪರಾತದ ತಟ್ಟೆಯನ್ನು ಬಡಿಯುತ್ತ ಕೂತಿದ್ದಳು! ಕೈ ನಡುಗಿ ರೊಟ್ಟಿ ಹರಿಯುತ್ತದಂತೆ, ಚುರಮುರಿಯೇ ಊಟ.

ಭಾಲ್ಕಿಯ ನಿನ್ನ ಮನೆಗೆ ಕರೆದರೆ, "ಬೀದರ ಮೈಸೂರು ರಾಜ್ಯಕ್ಕ ಹೋದ್ರ ಹೋಗ್ಲಿ, ನಾ ಈ ಒಲಿ ಬಿಟ್ಟು ಬರಂಗಿಲ್ಲ" ಎಂದಳು.

ಚಿಂತಾಕಿಯಲ್ಲಿರುವ ನಿನ್ನ ನಾದಿನಿ ಜಿಜಾಬಾಯಿಯನ್ನು ಇಲ್ಲಿರಲು ಕಳಿಸು. ನೋಡಿಕೊಳ್ಳಲು ಬಂದೆ ಅನ್ನದೆ, ರೊಟ್ಟಿ ಕಲಿಯಲು ಬಂದೆ ಅನ್ನಲಿ. ಅವಳ ಕೈ ಎಷ್ಟು ಪಳಗಿದ್ದರೂ ಮೊದಲ ದಿನ ಒಂದೆರಡನ್ನು ಬೇಕೆಂದೇ ಹರಿಯಲಿ; ದೊಡ್ಡವ್ವ ಬೈಯುತ್ತ ಬೈಯುತ್ತ ಅವನ್ನೇ ಬಿಸಿಬಿಸಿ ತಿನ್ನಲಿ.

ನಿನ್ನ ಅಕ್ಕ,
ಮೀರಾ