ವನಜಾಳ ಮೊಣಕಾಲು, ಅಮ್ಮನ ತಿದ್ದುಪಡಿ

ಅಪ್ಪಾಜಿ,

ನಮ್ಮ ವನಜಾ ಮತ್ತೆ ಆಟದ ಮೈದಾನಕ್ಕೆ ಇಳಿಯಬಹುದು. ಗುರುವಾರ ಶಿವಮೊಗ್ಗದ ಮೂಳೆ ಡಾಕ್ಟರು ಕಾಲು ಪರೀಕ್ಷಿಸಿ ಹೀಗೆ ಹೇಳಿದರೆಂದು ಅವಳೇ ಫೋನ್ ಮಾಡಿ ತಿಳಿಸಿದಳು. ನಾನು ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿದ್ದೆ. ಲೇತ್ ನಿಲ್ಲಿಸಿ ಎರಡನೇ ಸಲ ಹೇಳಿಸಿದೆ. ಪೇಪರ್ ಓದುವಾಗ "ಸುದ್ದಿ ಸರಿ, ಹೇಳಿದ್ದು ಯಾರು?" ಎಂದು ಕೇಳದೆ ನೀವು ಪುಟ ತಿರುವುತ್ತಿರಲಿಲ್ಲ. ಅದಕ್ಕೇ ಅದನ್ನೂ ಮೊದಲೇ ಬರೆದಿದ್ದೇನೆ.

ಕಾಲೇಜಿನಲ್ಲಿ ಖೊಖೊ ಆಡುವಾಗ ಅವಳು ಕಂಬ ಹಿಡಿದು ತಿರುಗಲು ಹೋಗಿ ಬಿದ್ದ ದಿನ ನೆನಪಿದೆಯಲ್ಲ? ನೀವು ಫ್ಯಾಕ್ಟರಿಯ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿ ಬಂದಿರಿ. ಮೊಣಕಾಲಿನ ಮೂಳೆಗಳ ನಡುವೆ ಮೆನಿಸ್ಕಸ್ ಎಂಬ ಮೆತ್ತೆ ಇರುತ್ತದೆ. ಅದು ಹೊಲಿಯಲಾಗದಷ್ಟು ಹರಿದಿದ್ದರಿಂದ ತೆಗೆದುಹಾಕಿದರು. ಆಮೇಲೆ ನೋವು ಹೋಯಿತು, ಭದ್ರಾವತಿ ನ್ಯೂಟೌನಿನ ಹೈಸ್ಕೂಲಿನಲ್ಲಿ ಅವಳಿಗೆ ವ್ಯಾಯಾಮ ಶಿಕ್ಷಕಿಯ ಕೆಲಸವೂ ಸಿಕ್ಕಿತು. ಅಲ್ಲಿಯವರೆಗೆ ನಿಮಗೆ ಗೊತ್ತು. ನೀವು ಹೋದ ಮೇಲೆ ಅದೇ ಕಾಲು ಊದತೊಡಗಿತು. ಮೆತ್ತೆಯಿಲ್ಲದೆ ಮೂಳೆಗೆ ಮೂಳೆ ಉಜ್ಜುತ್ತಿದೆ, ಪೂರ್ತಿ ಸವೆಯುವ ಮೊದಲು ತೀರಿಕೊಂಡ ದಾನಿಯೊಬ್ಬರ ಮೆತ್ತೆಯನ್ನು ಅಲ್ಲಿ ಕೂರಿಸಬಹುದು ಎಂದು ಬೆಂಗಳೂರಿನ ಡಾಕ್ಟರು ಹೇಳಿದರು.

ಆ ಸಂಜೆ ಅಮ್ಮ ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಸತ್ತವರದ್ದಾ? ಗಂಡಸರದ್ದೋ ಹೆಂಗಸರದ್ದೋ?"

"ಅಳತೆ ಸರಿ ಇದ್ರೆ ಸಾಕಂತಮ್ಮ. ಜಾತಕ ಕೇಳಲ್ಲ" ಅಂದಳು ವನಜಾ.

"ಕೇಳಿದ್ರೆ ಏನ್ ತಪ್ಪು?"

ಆಪರೇಷನ್ ಆಗಿ ವರ್ಷದ ಮೇಲಾಯಿತು. ದಾನಿ ಯಾರೆಂದು ನಮಗೆ ತಿಳಿಸಲಿಲ್ಲ. ಅಮ್ಮ ಈಗ ಪೂಜೆಯಲ್ಲಿ ಒಂದು ಹೂ ಹೆಚ್ಚಿಗೆ ಇಡುತ್ತಾಳೆ. ಯಾರಿಗೆ ಎಂದು ಕೇಳಿದರೆ, "ಆ ಪುಣ್ಯಾತ್ಮರಿಗೆ" ಅನ್ನುತ್ತಾಳೆ.

ಊರುಗೋಲು ಹಿಡಿದು ಅವಳು ಮನೆಗೆ ಬಂದ ವಾರವಿಡೀ ಜನ. ಮೂಸಂಬಿ ಕೈಗಿಟ್ಟವರೆಲ್ಲ ಕೇಳುತ್ತಿದ್ದುದು ಒಂದೇ: "ಎಲ್ಲಿ, ಸ್ವಲ್ಪ ಮಡಚಿ ತೋರಿಸು." ನಮ್ಮ ಜನಕ್ಕೆ ಮಡಚಿದ ಕಾಲೇ ವಾಸಿಯಾದ ಕಾಲು, ಅಲ್ಲವೇ? ಪಟ್ಟಿ ಕಟ್ಟಿದ ಕಾಲನ್ನು ವನಜಾ ಮಡಚಲಿಲ್ಲ. ವ್ಯಾಯಾಮ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಮೊದಲು ಊರುಗೋಲು ಬಿಟ್ಟಳು, ಆಮೇಲೆ ಗೋಡೆ ಬಿಟ್ಟಳು. ಮಳೆಗಾಲ ಮುಗಿಯುವ ಹೊತ್ತಿಗೆ ಭದ್ರಾ ಸೇತುವೆಯ ಆ ತುದಿಗೆ ಹೋಗಿ ಬರುತ್ತಿದ್ದಳು, ಒಬ್ಬಳೇ.

ಈ ವರ್ಷ ನಿಮ್ಮ ಪುಣ್ಯಸ್ಮರಣೆಯ ದಿನ ಎಡವಟ್ಟಾಯಿತು. ಊಟಕ್ಕೆ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತರು, ಮನೆಮಗಳು ಕುರ್ಚಿ ಎಳೆದುಕೊಂಡಳು. "ಅಯ್ಯೋ, ಇಷ್ಟೆಲ್ಲಾ ಮಾಡ್ಸಿ ಕೂತ್ಕೊಳ್ಳಕ್ಕೂ ಆಗಲ್ವಾ?" ಎಂದು ಯಾರೋ ಅಂದರು. ಡಾಕ್ಟರು ಬೇಡ ಎಂದಿದ್ದಾರೆ ಅಂತ ವನಜಾ ಹೇಳಿದಳು. ಅದು ತನ್ನ ಸಮಾಧಾನಕ್ಕೆ ಹೇಳಿದ ಮಾತೆಂದುಕೊಂಡ ಅಮ್ಮ, ಆಪರೇಷನ್ ಕೈಕೊಟ್ಟಿತು ಎಂದು ಪಕ್ಕದ ಮನೆಯ ಸೆಲ್ವಮ್ಮನ ಹತ್ತಿರ ಕಣ್ಣೀರು ಹಾಕಿದಳು. ಸೆಲ್ವಮ್ಮನ ನಾದಿನಿ ವನಜಾಳ ಶಾಲೆಯಲ್ಲೇ ಆಯಾ. ಮುಂದಿನದು ಬಿಡಿಸಿ ಹೇಳಬೇಕೆ?

ಮರುವಾರ ಹೆಡ್‌ಮಿಸ್ ವನಜಾಳನ್ನು ಕರೆಸಿದರು. "ಮೈದಾನಕ್ಕೆ ಬೇರೆಯವರನ್ನ ಹಾಕ್ತೀವಿ ವನಜಾ, ನೀವು ಲೈಬ್ರರಿ ನೋಡ್ಕೊಳ್ಳಿ. ಕುರ್ಚಿ ಇದೆ, ಫ್ಯಾನ್ ಇದೆ." ಪಾಪ, ಕನಿಕರದಿಂದಲೇ ಹೇಳಿದ್ದು. ಮನೆಗೆ ಬಂದ ವನಜಾ ಚಪ್ಪಲಿಯನ್ನೂ ಬಿಚ್ಚದೆ ನಿಂತಿದ್ದಳು. "ಫ್ಯಾನ್ ಕೆಳಗೆ ಕೂರಕ್ಕಾ ನಾನು ಕಾಲು ಕುಯ್ಸಿಕೊಂಡಿದ್ದು?" ಗುರುವಾರ ಅವಳ ಜೊತೆ ಅಮ್ಮನೂ ಶಿವಮೊಗ್ಗದ ಬಸ್ಸು ಹತ್ತಿದಳು.

ಡಾಕ್ಟರು ವನಜಾಳನ್ನು ಮೆಟ್ಟಿಲು ಹತ್ತಿಸಿ, ಇಳಿಸಿ, ಒಂಟಿಕಾಲಿನಲ್ಲಿ ನಿಲ್ಲಿಸಿದರಂತೆ. ಪಕ್ಕದಲ್ಲಿ ಅಮ್ಮನೂ ಒಂದು ಕಾಲು ಎತ್ತಲು ಹೋಗಿ ಅವರ ಟೇಬಲ್ ಹಿಡಿದುಕೊಂಡಳಂತೆ.

"ಎಲ್ಲಾ ಸರಿ ಡಾಕ್ಟ್ರೇ, ನೆಲದ ಮೇಲೆ ಕೂತು ಊಟ ಮಾಡಕ್ಕಾಗಲ್ವಲ್ಲ?"

"ಕೂರಬೇಡ ಅಂದೋನೇ ನಾನಮ್ಮ. ಪೂರ್ತಿ ಮಡಚಿದ್ರೆ ಹೊಸ ಮೆತ್ತೆ ಮೇಲೆ ಭಾರ ಬೀಳುತ್ತೆ. ನೋವಿಲ್ಲದೆ ನಡೀತಾಳಾ, ಮೆಟ್ಟಿಲು ಹತ್ತುತಾಳಾ, ಕಾಲು ಊದಲ್ವಾ, ನಾನು ನೋಡೋದು ಇಷ್ಟೇ."

"ಹಾಗಾದ್ರೆ ಆಪರೇಷನ್ ಕೈಕೊಟ್ಟಿಲ್ವಾ?"

"ಹಂಗಂತ ಹೇಳಿದ್ದು ಯಾರು?"

ನಿಮ್ಮದೇ ಪ್ರಶ್ನೆ, ಅಪ್ಪಾಜಿ! ಅಮ್ಮ ಸೀಲಿಂಗ್ ನೋಡಿದಳಂತೆ. ವನಜಾಗೆ ನಗು ತಡೆಯಲಾಗಲಿಲ್ಲವಂತೆ.

ಶುಕ್ರವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ನಿಂತಿದ್ದಾಗ ಅಮ್ಮ ಸೆಲ್ವಮ್ಮನ ಗೇಟಿನಲ್ಲಿದ್ದಳು. ಪತ್ರಿಕೆಯವರು ತಿದ್ದುಪಡಿಯನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕುತ್ತಾರೆ. ಅಮ್ಮನದು ಬೀದಿಗೆಲ್ಲ ಕೇಳಿಸಿತು.

"ಅವತ್ತು ನಾನು ಹೇಳಿದ್ದು ತಪ್ಪು ಕಣೇ. ಕಾಲು ಚೆನ್ನಾಗಿದೆ ಅಂತ ಡಾಕ್ಟ್ರೇ ಹೇಳಿದ್ರು."

"ಅಯ್ಯಯ್ಯೋ ಅಮ್ಮಾ, ನಾನು ಊರಿಗೆಲ್ಲಾ ಹೇಳ್ಬಿಟ್ಟೆ!"

"ಅದಕ್ಕೇ ಮೊದ್ಲು ನಿಮ್ಮನೆಗೆ ಬಂದಿದ್ದು ಮಾರಾಯ್ತಿ. ಇದನ್ನೂ ಊರಿಗೆಲ್ಲಾ ಹೇಳು."

ಅಲ್ಲಿಂದ ನೇರವಾಗಿ ಶಾಲೆಗೆ ಹೋದಳು. ಡಾಕ್ಟರ ಚೀಟಿ ಹಿಡಿದು ವನಜಾ ಹಿಂದೆ, ಇವಳು ಮುಂದೆ. "ಮತ್ತೆ ನಿಮ್ಮ ಮಗಳಿಗೆ ಕುರ್ಚಿ ಬೇಕು ಅಂತ..." ಎಂದು ಹೆಡ್‌ಮಿಸ್ ರಾಗ ಎಳೆದರು. "ಊಟಕ್ಕೆ ಕುರ್ಚಿ ಮಿಸ್, ಕೆಲಸಕ್ಕೆ ಮೈದಾನ" ಅಂದಳು ಅಮ್ಮ. ಹೆಡ್‌ಮಿಸ್ ಚೀಟಿಯನ್ನು ಎರಡು ಸಲ ಓದಿ, ಲೈಬ್ರರಿಯ ಬೀಗದ ಕೈ ವಾಪಸು ತೆಗೆದುಕೊಂಡರು. ನಮ್ಮಮ್ಮ ಹೀಗೆ ಮಾತಾಡಿದ್ದನ್ನು ನೀವು ಎಂದಾದರೂ ಕೇಳಿದ್ದಿರಾ?

ಒಳ್ಳೆಯ ಸುದ್ದಿಯ ಜೊತೆ ಉಳಿದದ್ದನ್ನೂ ಹೇಳಬೇಕು. ವನಜಾ ಇನ್ನು ಪಂದ್ಯ ಆಡುವಂತಿಲ್ಲ, ಓಡುತ್ತಾ ಗಕ್ಕನೆ ತಿರುಗುವಂತಿಲ್ಲ. ಹೊಸ ಮೆತ್ತೆ ಎಷ್ಟು ವರ್ಷ ಬಾಳುತ್ತದೆಂದು ಡಾಕ್ಟರೂ ಮಾತು ಕೊಡಲಿಲ್ಲ. ಅದಕ್ಕೆ ಅವಳು, "ಅದು ಇರೋವರೆಗೂ ಹುಡುಗೀರನ್ನ ಓಡಿಸ್ತೀನಿ ಬಿಡಣ್ಣ" ಎಂದು ವಿಸಲ್ ಹುಡುಕಲು ಹೋದಳು.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಹೈಸ್ಕೂಲು ಹುಡುಗಿಯರ ಖೊಖೊ ಅಭ್ಯಾಸ ಶುರುವಾಗುತ್ತದೆ. ಹೇಳಿಕೊಡುವವಳು ವನಜಾ.