ಮಾಲಕನ ಕೈಯಲ್ಲಿ ಪಾಸ್‌ಪೋರ್ಟ್

ತಾಂಡೂರು,
ನವೆಂಬರ್ ೧೪, ೨೦೨೪

ಮೊಮ್ಮಗಳು ಶಿವಗಂಗಾಳಿಗೆ ಮುತ್ಯಾ ಮಾಣಿಕಪ್ಪನ ಆಶೀರ್ವಾದ.

ಮೈ ಹೇಗಿದೆ? ಕೆಮ್ಮು ಹೋಯಿತೋ ಇಲ್ಲವೋ? ಆ ಜರ್ಮನಿಯ ಚಳಿಯಲ್ಲಿ ಕಿವಿ ಬಿಟ್ಟುಕೊಂಡು ತಿರುಗಬೇಡ. ನರ್ಸಿಂಗ್ ಕಲಿಯಲು ಹೋದವಳೇ ಹಾಸಿಗೆ ಹಿಡಿದರೆ ನೋಡುವವರು ಯಾರು? ಇಲ್ಲಿ ನಾವು ಆರಾಮ. ನಿನ್ನ ಅವ್ವ ರಾಜೇಶ್ವರಿ ಮಾತ್ರ ಮೂರು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ಫೋನಿನಲ್ಲಾದರೆ ನಾನು ಕೂಗುತ್ತೇನೆ, ನೀನು ಅಳುತ್ತೀ, ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮನೆ ಮಾಲಕ ಸರಿಯಾದ ಮನುಷ್ಯನಲ್ಲ. ನೀನು ಅವನ ಖೋಲಿಯಲ್ಲಿ ಇದ್ದೀಯೆಂದು ಅವನು ಒಂದು ಕಾಗದಕ್ಕೆ ಸಹಿ ಹಾಕಬೇಕು. ಅದನ್ನು ಒಯ್ದು ಎರಡು ವಾರದೊಳಗೆ ನೀನು ಅಲ್ಲಿನ ನಗರ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಇಷ್ಟೇ ಕೆಲಸ. ಒಂದು ಸಹಿಗೆ ಹನ್ನೊಂದು ದಿನ ಬೇಕೇ? ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ನನಗೂ ಸಹಿ ಬರುತ್ತದೆ. ಮೊದಲು ಪುರಸೊತ್ತಿಲ್ಲ ಅಂದ, ಆಮೇಲೆ ಪ್ರಿಂಟರ್ ಕೆಟ್ಟಿದೆ ಅಂದ. ಈಗ ಯಾರಾದರೂ ಕೇಳಿದರೆ ನೆಂಟಳು ಅಂತ ಹೇಳು ಅನ್ನುತ್ತಾನಂತೆ. ನೆಂಟಳ ಹತ್ತಿರ ಯಾರಾದರೂ ಬಾಡಿಗೆ ತೆಗೆದುಕೊಳ್ಳುತ್ತಾರೆಯೇ? ಆ ಮನೆ ಅವನದೇ ಅಲ್ಲವೆಂದು ನನಗೆ ಅನುಮಾನ. ಅವನೂ ಬಾಡಿಗೆಗೇ ಇದ್ದು, ನಿಜವಾದ ಮಾಲಕನಿಗೆ ಗೊತ್ತಾಗದಂತೆ ನಿನ್ನನ್ನು ಇಟ್ಟಿದ್ದಾನೆ. ಟಪಾಲು ಡಬ್ಬಿಯ ಮೇಲೆ ಯಾರ ಹೆಸರಿದೆ ನೋಡು. ಇಂಥವನ ಕಪಾಟಿನಲ್ಲಿ ನಿನ್ನ ಪಾಸ್‌ಪೋರ್ಟ್ ಇದೆಯಲ್ಲ, ಅದಕ್ಕೇ ನನಗೆ ನಿದ್ದೆಯಿಲ್ಲ.

ಕರಣಕೋಟ ರಸ್ತೆಯ ನಮ್ಮ ಎರಡು ಖೋಲಿ ನಾನೂ ಬಾಡಿಗೆಗೆ ಕೊಡುತ್ತೇನೆ. ಬಂದವರ ಅಸಲಿ ಕಾಗದ ಒಂದನ್ನು ಸಂದೂಕದಲ್ಲಿ ಇಟ್ಟುಕೊಂಡೇ ಕೀಲಿಕೈ ಕೊಡುವುದು ನನ್ನ ರೂಢಿ. ನಿನ್ನೆ ಫರಶಿ ಕಲ್ಲು ಪಾಲಿಶ್ ಮಾಡುವ ನಮ್ಮ ಬಾಡಿಗೆಯವ ಕ್ರಾಂತಿಕುಮಾರನ ಮುಂದೆ ನಿನ್ನ ಮಾಲಕನನ್ನು ಬಾಯಿಗೆ ಬಂದಂತೆ ಬೈದೆ. ಅವನು ನಕ್ಕ. “ಸಾವಕಾರ್ರ, ನನ್ನ ರೇಷನ್ ಕಾರ್ಡ ಭೀ ಎರಡು ವರ್ಷ ಆತು, ನಿಮ್ಮ ಸಂದೂಕಿನ್ಯಾಗ ಕುಂತದ. ಆ ಮಾಲಕ ನಿಮ್ಮ ಬೀಗರವನೇ ಇರಬೇಕು ನೋಡ್ರಿ” ಅಂದ. ಒಳಗೆ ಹೋಗಿ ಕಾರ್ಡು ತಂದು ಅವನ ಕೈಗೆ ತುರುಕಿದೆ. “ಇನ್ನ ನಗಬ್ಯಾಡ, ನಡಿ” ಅಂದೆ.

ಈಗ ಕೇಳು. ಒಬ್ಬಳೇ ಹೋಗಬೇಡ. ನಿನ್ನ ಜೊತೆ ಕಲಿಯುವ ಸ್ವರೂಪಾಳನ್ನು ಕರೆದುಕೊಂಡು ಹೋಗು. ಮೊದಲು ಪಾಸ್‌ಪೋರ್ಟ್ ಕೇಳು, ಅದು ಕೈಗೆ ಬಂದ ಮೇಲೆ ಸಹಿಯ ಮಾತು. ಕೊಡದಿದ್ದರೆ ಅಲ್ಲಿಂದಲೇ ಪೊಲೀಸರಿಗೆ ಫೋನು ಮಾಡು. ಸಹಿ ಹಾಕದಿದ್ದರೆ ಕಚೇರಿಗೇ ಹೋಗಿ ಅವನ ಹೆಸರು ಹೇಳು. ಕದ್ದು ಬಾಡಿಗೆ ನಡೆಸುತ್ತಿರುವವನು ಅವನು, ನೀನಲ್ಲ. ಉಳಿದಿರುವುದು ಮೂರೇ ದಿನ. ವಾಪಸು ಬರುತ್ತೇನೆ ಅಂತ ಮತ್ತೆ ಅನ್ನಬೇಡ. ಆ ಭಾಷೆ ಕಲಿಯಲು ಎರಡು ವರ್ಷ ಹಾಸ್ಟೆಲಿನ ನೀರು ಸಾರು ಉಂಡವಳು ನೀನು.

ಮನೆದೇವರು ನಿನ್ನ ಬೆನ್ನಿಗಿರಲಿ. ಸ್ವರೂಪಾಳಿಗೂ ನನ್ನ ಆಶೀರ್ವಾದ ಹೇಳು.

ನಿನ್ನ ಮುತ್ಯಾ,
ಮಾಣಿಕಪ್ಪ

ತಾ.ಕ.: ಪಾಸ್‌ಪೋರ್ಟ್ ಕೊಟ್ಟದ್ದು ನಿನ್ನ ದಡ್ಡತನವೆಂದು ನಿನ್ನ ಅವ್ವ ಬೈಯುತ್ತಿದ್ದಾಳೆ, ನಾನು ಹೂಂ ಹೂಂ ಅನ್ನುತ್ತಾ ಕೂತಿದ್ದೆ. “ಕೊಟ್ಟು ಇಡು, ಅವಂಗ ನಂಬಿಕಿ ಬರ್ತದ, ಸಹಿ ಹಾಕ್ತಾನ” ಅಂತ ಫೋನಿನಲ್ಲಿ ನಿನಗೆ ಹೇಳಿದವನು ನಾನು. ನೀನು ಅವಳ ಮುಂದೆ ನನ್ನ ಹೆಸರು ಎತ್ತಲಿಲ್ಲ. ಈ ಕಾಗದದ ಫೋಟೋ ತೆಗೆದು ನಿನಗೆ ಕಳಿಸುವವಳು ಅವಳೇ. ಮೊದಲು ಅವಳೇ ಓದುತ್ತಾಳೆ. ಓದಲಿ.